ನೆರೆಮನೆಯ ವಿಸ್ಮಯ



ವಿಸ್ಮಯವನ್ನು ಕಾಣಲು ದಟ್ಟ ಕಾಡಿಗೇ ಹೋಗಬೇಕೆಂದು ಘಟ್ಟದವರಾದ ನಾವು ಭಾವಿಸುತ್ತೇವೆ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರುಗಳಿಂದ ಬಂದಿರುವ ನಿಮಗೆ ನೆರೆಯ ಸವಣೂರಿನ ಕಲ್ಮಠದ ಆವರಣವೇ ಸಾಕು.

ಅಲ್ಲಿನ ಮೂರು ಹೆಮ್ಮರಗಳನ್ನು ಜನರು 'ದೊಡ್ಡ ಹುಣಸೆ' ಎನ್ನುತ್ತಾರೆ. ಬುಡದಲ್ಲಿ ಬಿದ್ದ ಎಲೆಯೊಂದನ್ನು ಎತ್ತಿ ನೋಡಿರಿ. ಹುಣಸೆಯ ಸಣ್ಣ ಎಲೆಗಳ ಸಾಲು ಅಲ್ಲಿಲ್ಲ; ಅಂಗೈಯಿಂದ ಬೆರಳು ಚಾಚಿದಂತೆ ಐದಾರು ಎಲೆಗಳಿವೆ. ಇದು ಬೂರುಗದ ಬಂಧು, ಆಫ್ರಿಕಾ ಮೂಲದ ಬಾವೊಬಾಬ್. ಹಾಗಾದರೆ ಹೆಸರು ತಪ್ಪೇ? ಉದುರಿದ ಕಾಯಿ ಸಿಕ್ಕರೆ ಒಡೆದು, ಒಳಗಿನ ಬಿಳಿಯ ತಿರುಳನ್ನು ನಾಲಗೆಗೆ ಹಚ್ಚಿರಿ: ಹುಳಿ! ಹೆಸರಿಟ್ಟ ಹಿರಿಯರು ಎಲೆಯನ್ನಲ್ಲ, ರುಚಿಯನ್ನು ನೋಡಿರಬೇಕು.

ಇದರ ಹೂವು ಅರಳುವುದು ಸಂಜೆಗತ್ತಲಲ್ಲಿ. ತವರಿನಲ್ಲಿ ಅದರ ಪರಾಗವನ್ನು ಒಯ್ಯುವವು ಬಾವಲಿಗಳು. ಎಲೆ ಉದುರಿದಾಗ ಕೊಂಬೆಗಳು ಬೇರುಗಳಂತೆ ತೋರಿ, ಮರವು ತಲೆಕೆಳಗಾಗಿ ನಿಂತಂತೆ ಕಾಣುತ್ತದೆ. ಕಾಂಡವು ಟೊಳ್ಳಾಗುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳುವುದೂ ಕಷ್ಟ.

2023ರ ಜುಲೈ ಮಳೆಯಲ್ಲಿ ಈ ಮೂರರಲ್ಲೊಂದು ಬುಡಸಮೇತ ಉರುಳಿತು. ಕೊಂಬೆಗಳನ್ನು ಸವರಿ, ಯಂತ್ರದಿಂದ ಎತ್ತಿ ಮರಳಿ ನೆಟ್ಟರು. ಬಿದ್ದ ಮರವನ್ನು ನೋಡಲು ಎಲ್ಲರೂ ಹೋಗುತ್ತೇವೆ. ನಿಂತ ಮರವನ್ನು ನೋಡುವವರು ವಿರಳ. ನೋಡದೆ ಇದ್ದುದನ್ನು ಉಳಿಸಿಕೊಳ್ಳುವ ಮನಸ್ಸಾದರೂ ಎಲ್ಲಿಂದ ಬರಬೇಕು?

ಆದುದರಿಂದ ನಾಳೆ ನಿಮ್ಮೂರಿನ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ ನಿಧಾನವಾಗಿ ನಡೆಯಿರಿ. ಹೆಸರಿಗೂ ರೂಪಕ್ಕೂ ಹೊಂದದ ಒಂದು ಗಿಡವನ್ನು ಹುಡುಕಿರಿ. ಆ ಹೆಸರು ಹೇಗೆ ಬಂತೆಂದು ಮನೆಯ ಅಜ್ಜಿಯನ್ನು ಕೇಳಿರಿ. ನಡಿಗೆ ಅಲ್ಲಿಂದಲೇ ಆರಂಭವಾಗಲಿ.