ಸ್ವಂತ ಲಾರಿ: ಕೊಳ್ಳಬೇಕೋ, ಬೇಡವೋ

(ರಜತ ಮಹೋತ್ಸವದ ಸಭೆಯಲ್ಲಿ ಲಾರಿ ನಡೆಸುವ ಸದಸ್ಯರ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ನಾಲ್ಕು ಮಾತು ಆಡಲು ಅಪ್ಪಣೆಯಾಗಿದೆ. ಸಂಘದ ಏಳಿಗೆಯ ವಿಷಯವನ್ನು ನಮಗಿಂತ ಮುಂಚೆ ಮಾತಾಡಿದವರು ಸವಿಸ್ತಾರವಾಗಿ ಹೇಳಿದ್ದಾರೆ. ನಾವು ತರುಣ ಡ್ರೈವರುಗಳು ನಮ್ಮನ್ನು ಮತ್ತೆ ಮತ್ತೆ ಕೇಳುವ ಒಂದೇ ಪ್ರಶ್ನೆಗೆ ಬರುತ್ತೇವೆ: “ಇನ್ನೊಬ್ಬರ ಗಾಡಿ ಎಷ್ಟು ದಿನ ಹೊಡೀಬೇಕ್ರಿ? ಸ್ವಂತದ್ದೊಂದು ತಗೊಂಡರ ಹೆಂಗ?”

ಹೊರಗಿನವರಿಗೆ ಮಸ್ಕಿ ಎಂದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನ. ಗಾಡಿಯವರಿಗೆ ಮಸ್ಕಿ ಎಂದರೆ ಲಿಂಗಸುಗೂರು-ಸಿಂಧನೂರು ರಸ್ತೆ, ಈಗಿನ 150ಎ ರಾಷ್ಟ್ರೀಯ ಹೆದ್ದಾರಿ. ಈ ರಸ್ತೆಗೆ ಲೋಡು ಕೊಡುವುದು ಬಹುಮಟ್ಟಿಗೆ ತುಂಗಭದ್ರಾ ಎಡದಂಡೆ ಕಾಲುವೆ. ನೀರು ಬಂದರೆ ನೆಲ್ಲು, ನೆಲ್ಲು ಬಂದರೆ ರೈಸ್ ಮಿಲ್ಲು, ಮಿಲ್ಲು ನಡೆದರೆ ಅಕ್ಕಿ, ತೌಡು, ಹೊಟ್ಟು. ಎಲ್ಲಕ್ಕೂ ಲಾರಿ ಬೇಕು. ಗುಂಟೆ ಹೊಲ ಇಲ್ಲದಿದ್ದರೂ ಇಲ್ಲಿಯ ಲಾರಿ ಮಾಲೀಕ ಕಾಲುವೆ ನಂಬಿದ ರೈತನೇ.

ಆ ಕಾಲುವೆಯ ಕಥೆ ನಿಮಗೆ ಗೊತ್ತೇ ಇದೆ. 2023ರಲ್ಲಿ ಬರ ಬಿದ್ದು ಎರಡನೇ ಬೆಳೆಗೆ ನೀರು ಸಿಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. 2025ರ ನವೆಂಬರಿನಲ್ಲಿ, ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಎಂದು ತೀರ್ಮಾನವಾಯಿತು. ಇವು ಯಾವುವೂ ಫೈನಾನ್ಸಿನವರ ಕಾಗದದಾಗ ಇಲ್ಲ. ಅಲ್ಲಿರೋದು ಕಂತಿನ ತಾರೀಖು ಮಾತ್ರ.

ಈಗ ಕಂತಿನ ಮಾತು. ಏಜೆಂಟ್ ಬಂದು “ಬಡ್ಡಿ ಬರೇ ನೂರಕ್ಕೆ 8 ರೂಪಾಯಿ” ಅಂತಾನೆ. ಅದು ‘ಫ್ಲಾಟ್’ ಬಡ್ಡಿಯೋ, ಉಳಿದ ಅಸಲಿನ ಮೇಲಿನ ಬಡ್ಡಿಯೋ ಎಂದು ಕೇಳ್ರಿ. 20 ಲಕ್ಷ ರೂಪಾಯಿ ಸಾಲ, 5 ವರ್ಷ, 8 ರೂಪಾಯಿ ಫ್ಲಾಟ್ ಎಂದರೆ ಬಡ್ಡಿಯೇ 8 ಲಕ್ಷ. ತಿಂಗಳ ಕಂತು 46,667 ರೂಪಾಯಿ. ನೀವು ತಿಂಗಳು ತಿಂಗಳು ಅಸಲು ತೀರಿಸುತ್ತಿದ್ದರೂ ಬಡ್ಡಿ ಮಾತ್ರ ಕೊನೆಯ ತನಕ ಪೂರಾ 20 ಲಕ್ಷದ ಮೇಲೇ ನಡೆದಿರುತ್ತದೆ. ಉಳಿದ ಅಸಲಿನ ಲೆಕ್ಕ ಹಿಡಿದರೆ ಅದು ನೂರಕ್ಕೆ 14ರ ಮೇಲೆ ಬೀಳುತ್ತದೆ. ಅದೇ ಸಾಲ ಉಳಿದ ಅಸಲಿನ ಮೇಲೆ ನೂರಕ್ಕೆ 12ರಂತೆ ಸಿಕ್ಕರೆ ಕಂತು ಸುಮಾರು 44,500. ಕೇಳಲಿಕ್ಕೆ 8 ಕಡಿಮೆ, ಕಟ್ಟಲಿಕ್ಕೆ 12 ಕಡಿಮೆ!

ಹತ್ತು ಗಾಲಿ ಗಾಡಿಯ ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ನಿಗದಿಯಾದ ದರ ವರ್ಷಕ್ಕೆ 43,950 ರೂಪಾಯಿ, ಜಿ.ಎಸ್.ಟಿ. ಬೇರೆ. ಕಂತು, ವಿಮೆ ಎರಡನ್ನೇ ಕೂಡಿಸಿ ದಿನಕ್ಕೆ ಹಂಚಿದರೆ 1,600 ರೂಪಾಯಿ ದಾಟುತ್ತದೆ. ಗಾಡಿ ಬೇವಿನ ಗಿಡದ ಕೆಳಗೆ ನಿಂತ ದಿನವೂ ಇಷ್ಟು ಹೋಗುತ್ತದೆ. ಸಂಬಳದ ಡ್ರೈವರಿಗೆ ಜ್ವರ ಬಂದರೆ ಆ ದಿನದ ಪಗಾರ ಹೋದೀತು. ಮಾಲೀಕನೇ ಡ್ರೈವರಾದರೆ ಅವನ ಜ್ವರಕ್ಕೆ ಗಾಡಿಯೂ ಮಲಗುತ್ತದೆ, ಕಂತು ಮಲಗುವುದಿಲ್ಲ.

ಬಾಡಿಗೆ ಮಾತಾಡುವಾಗ ಹೋಗುವ ಲೋಡನ್ನಷ್ಟೇ ನೋಡಬ್ಯಾಡ್ರಿ. ಹೋಗಿ ಬರಲು 800 ಕಿ.ಮೀ., ಲೀಟರಿಗೆ 4 ಕಿ.ಮೀ. ಎಂದು ಹಿಡಿದರೆ 200 ಲೀಟರ್ ಡೀಸೆಲ್. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ತೆರಿಗೆ ಏರಿಸಿ, ಲೀಟರ್ 90 ರೂಪಾಯಿ ದಾಟಿತು. ಆ ತಿಂಗಳೇ ಲಾರಿ ಮಾಲೀಕರ ಮುಷ್ಕರವೂ ಆಯಿತು. ಅಂದರೆ ಎಣ್ಣೆಗೇ 18,000. ರಿಟರ್ನ್ ಲೋಡ್ ಸಿಗದೆ ಖಾಲಿ ಬಂದರೆ ಬರುವ ದಾರಿಯ ಡೀಸೆಲ್, ಟೋಲು ಎಲ್ಲ ಹೋದ ಬಾಡಿಗೆಯಲ್ಲೇ ಮುರಿಯಬೇಕು.

ಆಗ ಕೈ ಓವರ್‌ಲೋಡಿಗೆ ಹೋಗುತ್ತದೆ. ಹತ್ತು ಗಾಲಿ ಗಾಡಿಗೆ 2018ರಲ್ಲಿ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್ನಿಗೆ ಏರಿಸಿದರು. 2019ರ ತಿದ್ದುಪಡಿಯಲ್ಲಿ ದಂಡವನ್ನೂ ಏರಿಸಿದರು: 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಮೂರು ಟನ್ ಹೆಚ್ಚಾದರೆ 26,000. ಇನ್ನೊಬ್ಬರ ಗಾಡಿಯಲ್ಲಿ ಮಾಲೀಕರಿಗೆ ಫೋನ್ ಹಚ್ಚಬಹುದು. ಸ್ವಂತ ಗಾಡಿಯಲ್ಲಿ ಯಾರಿಗೆ ಹಚ್ಚೋದು?

ಹಂಗಾದರ ತಗೋಬ್ಯಾಡ್ರಿ ಅಂತೀರೇನು? ಹಾಗಲ್ಲ. ನಮ್ಮ ಅಭಿಪ್ರಾಯ ಇಷ್ಟು. ನೆಲ್ಲಿನ ಸುಗ್ಗಿ ಬಿಟ್ಟು ಉಳಿದ ತಿಂಗಳಿಗೂ ಲೋಡು ಕೊಡುವ ಒಬ್ಬ ಪಾರ್ಟಿ ಗಟ್ಟಿಯಾಗಿರಬೇಕು, ಹತ್ತಿಯೋ ತೊಗರಿಯೋ ಏನಾದರಾಗಲಿ. ಮನೆಯಲ್ಲಿ ಹೆವಿ ಲೈಸೆನ್ಸ್ ಇರುವ ಇನ್ನೊಬ್ಬರಿದ್ದರೆ ಬಹಳ ಒಳ್ಳೆಯದು. ಮುಂಗಡ ಕಟ್ಟಿದ ಮೇಲೂ ಮೂರು ಕಂತಿನ ದುಡ್ಡು ಕೈಯಲ್ಲಿ ಉಳಿಯಬೇಕು. ಇವಿಲ್ಲದೆ, ಹೊಲದ ಪಹಣಿ ಇಟ್ಟು ಗಾಡಿ ತರುವುದನ್ನು ನಾವಂತೂ ಒಪ್ಪುವುದಿಲ್ಲ. ಈಗಿನ ಮಾಲೀಕರ ಗಾಡಿಯಲ್ಲೇ ಒಂದು ವರ್ಷ ಡೀಸೆಲ್, ಟೋಲು, ಟೈರು, ಗಾಡಿ ನಿಂತ ದಿನ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಗಾರ ತಗೊಂಡು ಕಲಿಯುವ ವಿದ್ಯೆ ಅದು.

ತಾಯಂದಿರಿಗೆ ಒಂದು ಮಾತು. ಜಾಮೀನಿಗೆ ಎಂದು ನಿಮ್ಮ ಸಹಿ ಕೇಳುತ್ತಾರೆ. ಖಾಲಿ ಫಾರಮ್ಮಿಗೆ ಹಾಕಬೇಡಿ. ಜಾಮೀನು ಎಂದರೆ ಬರೀ ಸಾಕ್ಷಿಯಲ್ಲ. ಮಗ ಕಟ್ಟದಿದ್ದರೆ ನೀವು ಕಟ್ಟಬೇಕು.

ಹಳೇ ಗಾಡಿ ಕೊಳ್ಳುವವರು ಆರ್.ಸಿ.ಯಲ್ಲಿ ಫೈನಾನ್ಸಿನ ಹೆಸರು ಇನ್ನೂ ಕುಂತಿದೆಯೇ ನೋಡಿ. ಇದ್ದರೆ ಅವರ ಎನ್.ಒ.ಸಿ. ಮತ್ತು ಸಹಿಯಾದ ಫಾರಂ 35 ಕೈಗೆ ಬರದೆ ಪೂರಾ ದುಡ್ಡು ಕೊಡಬೇಡಿ. ಗಾಡಿಗೆ 8 ವರ್ಷ ದಾಟಿದ್ದರೆ ಎಫ್.ಸಿ. ವರ್ಷಕ್ಕೊಮ್ಮೆ ಆಗಬೇಕು, ಆ ಖರ್ಚನ್ನೂ ಬೆಲೆಯಲ್ಲಿ ಮುರಿದು ಮಾತಾಡಿ. ಕಾಗದ ಓದಲು ಬರದಿದ್ದವರು ಮುಂಗಡ ಕೊಡುವ ಮೊದಲು ಸಂಘದ ಕಚೇರಿಗೆ ತನ್ನಿ. ನಮ್ಮಲ್ಲಿ ಊರಾಗ ಇದ್ದವರು ಯಾರಾದರೂ ಬಂದು ನಿಮ್ಮೊಂದಿಗೆ ಕುಂತು ಓದುತ್ತೇವೆ.