ದೂರವನ್ನು ಅಳೆಯುವ ಬಗೆ



ಭೂಪಟದ ಮೇಲೆ ನೇರ ಗೆರೆ ಎಳೆದರೆ ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 490 ಕಿ.ಮೀ. ರಸ್ತೆಯಲ್ಲಿ ಅದು 600ರ ಸಮೀಪಕ್ಕೆ ಬರುತ್ತದೆ. ಬಸ್ಸಿಗೆ ಒಂದು ಇಡೀ ರಾತ್ರಿ ಬೇಕು. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದಾಗ, ಈ ದೂರ ಗಂಟೆಯೊಂದಕ್ಕೆ ಇಳಿಯಿತೆಂದು ಎಲ್ಲರೂ ಹರ್ಷಪಟ್ಟೆವು.

ಆದರೆ ಕಮಲಾಪುರದಿಂದ ಹೊರಟವನ ಲೆಕ್ಕವನ್ನು ನೋಡೋಣ. ನಗರವನ್ನು ದಾಟಿ ಸೇಡಂ ರಸ್ತೆಯ ನಿಲ್ದಾಣ ತಲುಪಲು ಒಂದೂವರೆ ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಮತ್ತೆ ಒಂದೂವರೆ, ಹಾರಾಟಕ್ಕೆ ಒಂದು ಗಂಟೆಯ ಮೇಲೆ, ದೇವನಹಳ್ಳಿಯಿಂದ ಬೆಂಗಳೂರು ಪೇಟೆಗೆ ಮತ್ತೊಂದು. ಒಟ್ಟು ಐದು ಗಂಟೆಗೂ ಮಿಕ್ಕಿತು. ಪ್ರಯಾಣದ ಅವಧಿ ಅರ್ಧಕ್ಕಿಳಿದದ್ದು ನಿಜ. ಆದರೆ ಉಳಿದ ಕಾಲದ ಬಹುಪಾಲು ಹಾರಾಟದ ಆಚೀಚೆಯೇ ಕಳೆಯುತ್ತಿತ್ತು.

ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಕೆಂಪು ಬಾಳೆಗೂ ಇದೇ ಮಾತು ಅನ್ವಯಿಸುತ್ತದೆ. ಕೊಯ್ದ ಹಣ್ಣು ಉಸಿರಾಡುತ್ತಲೇ ಇರುತ್ತದೆ. ಉಷ್ಣಾಂಶ 25 ಡಿಗ್ರಿಯಿಂದ 35ಕ್ಕೆ ಏರಿದರೆ ಆ ಉಸಿರಾಟ ಸರಿಸುಮಾರು ಇಮ್ಮಡಿಯಾಗುತ್ತದೆ. ಅಂದರೆ ಬಿಸಿಲಿನಲ್ಲಿ ನಿಂತ ಟಂಟಂನಲ್ಲಿ ಗೊನೆ ಕಳೆಯುವ ಒಂದು ಗಂಟೆ, ನೆರಳಿನ ಎರಡು ಗಂಟೆಗಳಿಗೆ ಸಮ. ಹಣ್ಣಿನ ಪಾಲಿಗೆ ದೂರವೆಂಬುದು ಕಿಲೋಮೀಟರುಗಳಿಗಿಂತ ಹೆಚ್ಚಾಗಿ ತಾಪದಲ್ಲಿ ಅಳೆಯಬೇಕಾದ ವಸ್ತು.

ಇನ್ನು ಗುಡ್ಡದ ಪ್ರಶ್ನೆ. ಕಮಲಾಪುರದಿಂದ ಕಲಬುರಗಿಗೆ ರಸ್ತೆ 40 ಕಿ.ಮೀ.ಗೂ ಕಡಿಮೆ, ನೇರ ಗೆರೆ 30ಕ್ಕೆ ತುಸು ಹೆಚ್ಚು. ಎದುರಾದ ಗುಡ್ಡಗಳನ್ನೆಲ್ಲ ಸೀಳಿ ದಾರದಂತೆ ರಸ್ತೆ ಎಳೆದರೂ ಉಳಿಯುವುದು ಹೆಚ್ಚೆಂದರೆ ಏಳೆಂಟು ಕಿ.ಮೀ., ಅಂದರೆ ಹತ್ತು ಹನ್ನೆರಡು ನಿಮಿಷ. ಅದಕ್ಕೆ ತೆರಬೇಕಾದ ಬೆಲೆ ಏನು? ಮಳೆನೀರನ್ನು ಹಿಡಿದು ಕಣಿವೆಗೆ ಮೆಲ್ಲನೆ ಇಳಿಸುವುದು ಈ ಗುಡ್ಡಗಳೇ. ಕೆಂಪು ಬಾಳೆ ಕೊಯ್ಲಿಗೆ ಬರಲು ಸುಮಾರು 18 ತಿಂಗಳು ಬೇಕು; ಒಂದು ಪೂರ್ಣ ಬೇಸಿಗೆಯನ್ನಾದರೂ ಅದು ಆ ನೀರಿನ ಬಲದಿಂದಲೇ ದಾಟಬೇಕು. ನೀರಿನ ಜಾಡು ತಪ್ಪಿದರೆ ಬೇಗ ಸಾಗಿಸಲು ಬೆಳೆಯೇ ಇರದು.

ಗುಡ್ಡ ಕೊರೆಯುವುದೆಲ್ಲ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಮರಗುತ್ತಿಯ ಬಳಿ ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗದ ಮೂಲಕ ಸಾಗುವ ಬೀದರ–ಕಲಬುರಗಿ ರೈಲುಮಾರ್ಗ 2017ರ ಅಕ್ಟೋಬರ್ 29ರಂದು ಲೋಕಾರ್ಪಣೆಗೊಂಡಿತು. ಬಡವನಿಗೂ ಅದರ ಟಿಕೆಟ್ ನಿಲುಕುತ್ತದೆ. ಯಾರಿಗೆ, ಎಷ್ಟು ಕಾಲ ಉಳಿಯಿತು ಎಂಬ ಲೆಕ್ಕವನ್ನು ಮೊದಲು ಕೇಳಬೇಕೆಂಬುದಷ್ಟೇ ನನ್ನ ಅಭಿಪ್ರಾಯ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಊರಿನ ಒಂದು ಗೊನೆ ತೋಟ ಬಿಟ್ಟ ಗಳಿಗೆಯಿಂದ ಮಾರುಕಟ್ಟೆಯಲ್ಲಿ ತೂಗುವವರೆಗಿನ ಸಮಯವನ್ನು ಬರೆದಿಡಿರಿ: ಎಷ್ಟು ಹೊತ್ತು ಸಾಗಿತು, ಎಷ್ಟು ಹೊತ್ತು ಬಿಸಿಲಲ್ಲಿ ಕಾಯಿತು. ರೈತರು ನಸುಕಿನಲ್ಲಿ ಕೊಯ್ದು, ಒಣ ಎಲೆ ಹೊದಿಸಿ, ನೆರಳಿನಲ್ಲಿ ಪೇರಿಸಲಿ. ಗ್ರಾಮಸಭೆಯಲ್ಲಿ ರಸ್ತೆಯ ಮಾತು ಬಂದಾಗ, ಮಾರುಕಟ್ಟೆಯಲ್ಲೊಂದು ನೆರಳಿನ ಕಟ್ಟೆಯನ್ನೂ ಕೇಳೋಣ. ಹತ್ತು ನಿಮಿಷಕ್ಕಿಂತ ಹೆಚ್ಚಿನ ಕಾಲವನ್ನು ಅದು ಉಳಿಸೀತು.