ಈ ವರ್ಷದ ಅಡಿಕೆ ಸಿಪ್ಪೆ, ಬರುವ ವರ್ಷದ ಸೌದೆ

ನಾನು ಹೊನ್ನಾಳಿಯಿಂದ ಮಾತಾಡ್ತಾ ಇದ್ದೇನೆ. ಇವತ್ತಿನ ವಿಷಯ ಅಡಿಕೆ ಸಿಪ್ಪೆ.

ಸುಗ್ಗಿ ಶುರುವಾದರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆ ಓಡಾಡುವವರಿಗೆ ಇದರ ಪರಿಚಯ ಬೇಕಿಲ್ಲ. ಸುಲಿಯುವ ಯಂತ್ರದಿಂದ ಬಿದ್ದ ಸಿಪ್ಪೆ ಟ್ರ್ಯಾಕ್ಟರ್ ಏರಿ ರಸ್ತೆ ಬದಿಗೆ ಬರುತ್ತೆ. ಯಾರೋ ಬೆಂಕಿ ಇಡ್ತಾರೆ. ಹಸಿ ಸಿಪ್ಪೆ ಧಗಧಗ ಉರಿಯೋದಿಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತೆ. ಬೆಳಗಿನ ಜಾವ ಆ ಹೊಗೆಗೆ ಮಂಜು ಸೇರಿದರೆ ಎದುರಿಗೆ ಬರುವ ಬೈಕ್ ಕಾಣೋದಿಲ್ಲ.

ಎಷ್ಟು ಸಿಪ್ಪೆ ಅಂತೀರಿ? ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಕ್ವಿಂಟಲ್ ಹಸಿ ಅಡಿಕೆಗೆ ಕೈಗೆ ಸಿಗೋದು ಹೆಚ್ಚುಕಮ್ಮಿ 12-13 ಕೆಜಿ ಒಣ ಕೆಂಪಡಿಕೆ.

ಇನ್ನೊಂದು ಕಡೆ ನೋಡಿ. ಆ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸೋಕೆ ನಾವು ದುಡ್ಡು ಕೊಟ್ಟು ಸೌದೆ ತರ್ತೇವೆ. ಉರಿಯುವ ವಸ್ತುವನ್ನು ರಸ್ತೆಗೆ ಸುರಿದು, ಒಲೆಗೆ ಮರ ಕಡಿಸ್ತೇವೆ.

ತಿಪಟೂರು ಕಡೆ ತೆಂಗಿನ ಕರಟವನ್ನು ಯಾರೂ ಬಿಸಾಡೋದಿಲ್ಲ. ಕರಟದ ಇದ್ದಿಲಿನಿಂದ ಆಕ್ಟಿವೇಟೆಡ್ ಕಾರ್ಬನ್ ಆಗುತ್ತೆ, ಅದು ನೀರು ಶುದ್ಧ ಮಾಡುವ ಫಿಲ್ಟರ್‌ಗೂ ಹೋಗುತ್ತೆ. ಕರಟ ಗಟ್ಟಿ, ಒಣ, ಲಾರಿಗೆ ತುಂಬಿದರೆ ತೂಕ ಬರುತ್ತೆ. ಅಡಿಕೆ ಸಿಪ್ಪೆ ಹಸಿ ಇದ್ದಾಗ ನೀರು ಹೊರಬೇಕು, ಒಣಗಿದ ಮೇಲೆ ಗಾಳಿ ಹೊರಬೇಕು. ಬಾಡಿಗೆಯೇ ಗಿಟ್ಟೋದಿಲ್ಲ.

ಹಾಗಂತ ಸಿಪ್ಪೆಯಲ್ಲಿ ಸತ್ವ ಇಲ್ಲ ಅಂತಲ್ಲ. ಅದರ ನಾರಿನಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಇವೆ. ಸೆಲ್ಯುಲೋಸನ್ನು ಸಕ್ಕರೆಯಾಗಿ ಒಡೆದು ಹುದುಗಿಸಿದರೆ ಎಥನಾಲ್. ಹೆಮಿಸೆಲ್ಯುಲೋಸನ್ನು ಆಮ್ಲದಲ್ಲಿ ಕಾಯಿಸಿದರೆ ಫರ್ಫ್ಯೂರಲ್ ಅನ್ನೋ ರಾಸಾಯನಿಕ. ಅಮೆರಿಕದ ಕ್ವೇಕರ್ ಓಟ್ಸ್ ಕಂಪನಿ 1922ರಲ್ಲೇ ಓಟ್ಸ್ ಹೊಟ್ಟಿನಿಂದ ಇದನ್ನು ತಯಾರಿಸಿ ಮಾರಲು ಶುರುಮಾಡಿತು. ಆದರೆ ಆ ಕಂಪನಿಗೆ ಹೊಟ್ಟು ತನ್ನ ಗಿರಣಿಯಲ್ಲೇ ರಾಶಿ ಬೀಳ್ತಿತ್ತು. ನಮ್ಮದು ಹಳ್ಳಿ ಹಳ್ಳಿಗೆ ಚದುರಿದೆ.

ಹಾಗಾಗಿ ದೊಡ್ಡ ಕಾರ್ಖಾನೆಯನ್ನು ಕಾಯೋದಕ್ಕಿಂತ ಮೊದಲು ನಮ್ಮ ಒಲೆಯನ್ನು ನೋಡೋಣ ಅಂತೀನಿ. ಒಣ ಸಿಪ್ಪೆಯನ್ನು ಹಾಗೇ ಒಲೆಗೆ ಹಾಕಿದರೆ ಭಗ್ಗನೆ ಉರಿದು ಮುಗಿಯುತ್ತೆ. ಅದನ್ನೇ ಕತ್ತರಿಸಿ, ಯಂತ್ರದಲ್ಲಿ ಒತ್ತಿ ಬ್ರಿಕೆಟ್ ಮಾಡಿದರೆ ಸೌದೆಯ ಹಾಗೆ ನಿಂತು ಉರಿಯುತ್ತೆ. ಅಂಟು ಬೇಕಿಲ್ಲ. ಒತ್ತುವಾಗಿನ ಬಿಸಿಗೆ ಲಿಗ್ನಿನ್ ಮೆತ್ತಗಾಗಿ ತಾನೇ ಅಂಟಿಸುತ್ತೆ. ಆದರೆ ತೇವ ಶೇ 10ರ ಆಸುಪಾಸಿಗೆ ಇಳಿದಿರಬೇಕು.

ತೊಡಕು ಇರೋದು ಇಲ್ಲೇ. ಸುಲಿಯೋದು ಮಳೆಗಾಲ, ಚಳಿಗಾಲದಲ್ಲಿ. ಒಣಗಿಸೋ ಬಿಸಿಲು ಸಿಗೋದು ಸುಗ್ಗಿ ಮುಗಿದ ಮೇಲೆ. ಅಂದರೆ ಈ ವರ್ಷದ ಸಿಪ್ಪೆ ಬರುವ ವರ್ಷದ ಸೌದೆ. ಅಲ್ಲಿವರೆಗೆ ಇಡೋಕೆ ಜಾಗ ಬೇಕು. ಚೇಣಿದಾರ ಅಡಿಕೆ ಒಯ್ತಾನೆ, ಸಿಪ್ಪೆಗೆ ದಿಕ್ಕಿಲ್ಲ. ಊರಿಗೊಂದು ಕಣ, ನಾಲ್ಕೈದು ಊರಿಗೊಂದು ಬ್ರಿಕೆಟ್ ಯಂತ್ರ ಅಂತ ಪಂಚಾಯಿತಿ, ಸಹಕಾರ ಸಂಘ, ಚೇಣಿದಾರರು ಕೂತು ಮಾತಾಡಬೇಕು. ಕೊಳ್ಳೋದಾದರೆ ಒಣ ತೂಕಕ್ಕೇ ಬೆಲೆ ಕಟ್ಟಬೇಕು. ಹಸಿಗೆ ಕಟ್ಟಿದರೆ ನೀರಿಗೆ ದುಡ್ಡು ಕೊಟ್ಟ ಹಾಗೆ.

ಸಂಗ್ರಹಿಸಿ ಒಣಗಿಸೋ ಈ ವ್ಯವಸ್ಥೆ ನಿಂತರೆ ನಾಳೆ ಎಥನಾಲ್‌ನವರು ಬರಲಿ, ಫರ್ಫ್ಯೂರಲ್‌ನವರು ಬರಲಿ, ಕೊಡೋಕೆ ಮಾಲು ಇರುತ್ತೆ. ಅವರು ಬರದಿದ್ದರೂ ನಷ್ಟವಿಲ್ಲ: ನಮ್ಮ ಒಲೆ ಉರಿಯುತ್ತೆ, ಬೂದಿ ತೋಟಕ್ಕೆ ಹೋಗುತ್ತೆ, ರಸ್ತೆ ಕಾಣುತ್ತೆ.

ನಿಮ್ಮೂರಲ್ಲಿ ಸಿಪ್ಪೆ ಏನಾಗ್ತಿದೆ, ತಿಳಿಸಿ.